ಅಲುಗಾಡದ ಶ್ರದ್ಧಾಂಜಲಿ

ಸಾನಪಾಡಾದ ಕನ್ನಡ ಸಂಘದಲ್ಲಿ ಸನ್ಮಾನಪತ್ರ ಸಿದ್ಧಪಡಿಸಲು ಒಂದು ಸುಲಭದ ದಾರಿಯಿತ್ತು. ಹಿಂದೆ ತೀರಿಕೊಂಡ ಯಾರದೋ ಶ್ರದ್ಧಾಂಜಲಿಯನ್ನು ಕಂಪ್ಯೂಟರಿನಲ್ಲಿ ತೆರೆದು, ಹೆಸರು, ಫೋಟೊ, ಊರು ಬದಲಿಸಿ, ಕೊನೆಗೆ ತಲೆಬರಹ ತಿದ್ದಿದರಾಯಿತು. ಕೊಡುಗೈ ದಾನಿ, ಸರಳಜೀವಿ, ನಗುಮೊಗ ಎಂಬ ಮಾತುಗಳು ಸತ್ತವರಿಗೂ ಬದುಕಿದವರಿಗೂ ಸಮನಾಗಿ ಹೊಂದುತ್ತಿದ್ದವು. ತಾರಾನಾಥ ಹನ್ನೊಂದು ವರ್ಷದಿಂದ ಹೀಗೆಯೇ ಮಾಡಿಕೊಂಡು ಬಂದಿದ್ದ.

ಆದರೆ ಈ ಭಾನುವಾರದ ಸನ್ಮಾನ ಬೇರೆ. ಸಂಜೆ ಶಾಲು ಹೊದಿಸಿಕೊಳ್ಳುವವರು ಮಾಜಿವಾಡಾದ ಸಸ್ಯಾಹಾರಿ ಹೋಟೆಲಿನ ಮಾಲೀಕ ದಯಾನಂದರು. ಅವರಿಗೆ ಕಂಪ್ಯೂಟರ್ ಬಲ್ಲ ಮ್ಯಾನೇಜರ್ ಬೇಕಿತ್ತು. ತಾರಾನಾಥನ ಆಫೀಸು ಬಾಗಿಲು ಹಾಕಿ ಎಂಟು ತಿಂಗಳಾಗಿತ್ತು, ಐವತ್ತೊಂದರ ಮನುಷ್ಯನನ್ನು ಯಾರೂ ಕರೆಯುತ್ತಿರಲಿಲ್ಲ. "ಸನ್ಮಾನ ಒಂದು ಮುಗಿಯಲಿ, ಮಾತಾಡುವ" ಎಂದಿದ್ದರು ದಯಾನಂದರು. ಆ ಒಂದು ಮಾತನ್ನು ಹಿಡಿದುಕೊಂಡು ಅವನು ತಿಂಗಳು ದೂಡಿದ್ದ.

ಬೆಳಿಗ್ಗೆ ಹತ್ತಕ್ಕೆ ಪರದೆ ಹ್ಯಾಂಗ್ ಆಯಿತು. ಮುಚ್ಚಿದ ಆಫೀಸಿನಿಂದ ಹೊತ್ತು ತಂದಿದ್ದ, ಎಲ್ಲರಿಗೂ ಪರಿಚಯವಿಲ್ಲದ ಲಿನಕ್ಸ್ ವ್ಯವಸ್ಥೆಯಲ್ಲಿ ನಡೆಯುವ ಹಳೆಯ ಯಂತ್ರ ಅದು. ಮೌಸಿನ ಬಾಣ ಓಡಾಡುತ್ತಿತ್ತು, ಒತ್ತಿದರೆ ಮಾತ್ರ ಏನೂ ಆಗುತ್ತಿರಲಿಲ್ಲ. ಪರದೆಯ ತುಂಬ ದಯಾನಂದರ ನಗುವ ಫೋಟೊ, ಅದರ ಮೇಲೆ ಇನ್ನೂ ತಿದ್ದದ 'ಭಾವಪೂರ್ಣ ಶ್ರದ್ಧಾಂಜಲಿ'. ಸ್ವಿಚ್ ಆರಿಸೋಣವೆಂದರೆ ನಸುಕಿನಿಂದ ಟೈಪಿಸಿದ್ದು ಒಂದಕ್ಷರವೂ ಸೇವ್ ಆಗಿರಲಿಲ್ಲ.

ಚಹಾಪುಡಿ ಕೇಳಲು ಬಂದ ಪಕ್ಕದ ಮನೆಯ ಸ್ವರ್ಣಲತಾ ಎದೆ ಹಿಡಿದುಕೊಂಡರು.

"ಅಯ್ಯೋ ದೇವರೇ! ದಯಾನಂದಣ್ಣ ಯಾವಾಗ?"

"ಹೋಗಲಿಲ್ಲ ಸ್ವರ್ಣಕ್ಕ. ಹ್ಯಾಂಗ್ ಆದದ್ದು."

"ದಯಾನಂದಣ್ಣನಾ?"

"ಕಂಪ್ಯೂಟರ್ ಮಾರಾಯ್ರೆ!"

"ಹಾಗಾದರೆ ಪ್ಲಗ್ ತೆಗೆದು ಹಾಕಿ. ನಮ್ಮ ಮಿಕ್ಸಿ ಹಾಗೆಯೇ ಸರಿಯಾಗುವುದು."

"ಪ್ಲಗ್ ಮುಟ್ಟಬೇಡಿ, ನಿಮ್ಮ ದಮ್ಮಯ್ಯ!"

"ಮತ್ತೆ ನಮ್ಮ ಸುಜನ್‌ನ ಹತ್ರ ಕೇಳುವ. ಖಾರಘರದ ಕಾಲೇಜಿನಲ್ಲಿ ಕಂಪ್ಯೂಟರೇ ಅಲ್ವಾ ಅವನು ಕಲಿಯುವುದು?" ಎನ್ನುತ್ತ ಅವರು ಪರದೆಯ ಫೋಟೊ ಹೊಡೆದು ಮಗನಿಗೆ ಕಳಿಸಿದರು. ಜತೆಗೆ ಏನೂ ಬರೆಯಲಿಲ್ಲ, ಮೊಬೈಲಿನಲ್ಲಿ ಬರೆಯುವುದು ಅವರಿಗೆ ತಲೆನೋವು. ಆಮೇಲೆ ಚಹಾಪುಡಿ ತೆಗೆದುಕೊಂಡು ಹೋದರು.

ತಾರಾನಾಥ ಕದ ಹಾಕಿ, ಫೋನು ಬಂದ್ ಮಾಡಿ ಕುಳಿತ. ಕಂಟ್ರೋಲ್, ಆಲ್ಟ್, ಎಫ್‌ಮೂರು ಒಟ್ಟಿಗೆ ಒತ್ತಿದ. ಫೋಟೊ ಮಾಯವಾಗಿ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿ, ಹೆಸರು, ಪಾಸ್‌ವರ್ಡ್ ಕೇಳಿತು. ಮುಂಬಾಗಿಲು ಜಾಮ್ ಆದ ಮನೆಗೆ ಹಿತ್ತಲಿನಿಂದ ನುಗ್ಗಿದ ಹಾಗೆ. ಒಂದಕ್ಷರ ಒತ್ತಿದರೆ ಅದು ಕಾಣಿಸಲು ಐದು ನಿಮಿಷ. ಊಟವಿಲ್ಲ, ಫ್ಯಾನಿದ್ದರೂ ಬೆವರು. ಅಂತೂ ಮೂರೂವರೆಗೆ ಕಳ್ಳ ಸಿಕ್ಕಿದ. ಸ್ಟುಡಿಯೊದವನು ಹೋರ್ಡಿಂಗಿಗೆ ಹಾಕುವಷ್ಟು ದೊಡ್ಡ ಫೋಟೊ ಕೊಟ್ಟಿದ್ದ, ಅದನ್ನು ಕತ್ತರಿಸಲು ತೆರೆದಿದ್ದ ಪ್ರೋಗ್ರಾಮ್ ಮೆಮೊರಿಯನ್ನೆಲ್ಲ ನುಂಗಿ ಕೂತಿತ್ತು. ಆ ಪ್ರೋಗ್ರಾಮನ್ನು ಕೊಂದು ಹಿಂದಿರುಗಿದಾಗ ಪರದೆ ಅಲುಗಾಡಿತು. ಬರೆದದ್ದೆಲ್ಲ ಹಾಗೆಯೇ ಇತ್ತು. ತಾರಾನಾಥನಿಗೆ ಅಳುವೇ ಬಂತು. ತಾನಿನ್ನೂ ಕೆಲಸಕ್ಕೆ ಬರುವವನು ಎಂದು ಎಂಟು ತಿಂಗಳಲ್ಲಿ ಮೊದಲ ಸಲ ಅನಿಸಿತು.

ತಲೆಬರಹ ತಿದ್ದಿ, ಪ್ರಿಂಟ್ ತೆಗೆಸಿ, ಆರಕ್ಕೆ ಹಾಲ್ ತಲುಪಿದರೆ ಅಲ್ಲಿ ಎಲ್ಲರ ಕಣ್ಣೂ ಕೆಂಪು. ನಡುವೆ ಕೂತ ದಯಾನಂದರ ಮುಖ ಮಾತ್ರ ಹುಣ್ಣಿಮೆಯಂತೆ ಬೆಳಗುತ್ತಿತ್ತು.

"ನಾನು ಇವತ್ತು ಮಧ್ಯಾಹ್ನದವರೆಗೆ ಸತ್ತಿದ್ದೆ, ಗೊತ್ತುಂಟಾ?" ಎಂದರು. "ಯಾರೋ ಕಿಡಿಗೇಡಿ ಮಾಡಿದ ಶ್ರದ್ಧಾಂಜಲಿ. ಪಾಪ, ಸುಜನ್ ನಂಬಿ ಸಂಘದ ಗ್ರೂಪಿಗೆ ಹಾಕಿದ. ಇನ್ನೂರ ಹದಿನಾಲ್ಕು ಜನ ಅತ್ತರು ಮಾರಾಯ್ರೆ! ಬದುಕಿದ್ದಾಗಲೇ ಓದುವ ಯೋಗ ಯಾರಿಗುಂಟು? ಈ ಹುಡುಗ ಏನು ಬರೆದ ಗೊತ್ತಾ? 'ಆಜ್ ಮೈನೆ ಅಪ್ನೆ ಪಿತಾ ಕೋ ಖೋ ದಿಯಾ'! ಇವತ್ತು ನನ್ನ ತಂದೆಯನ್ನೇ ಕಳಕೊಂಡೆ ಅಂತ!"

ಸುಜನ್ ತಲೆ ತಗ್ಗಿಸಿದ. ಅವನ ಸ್ವಂತ ಅಪ್ಪ ಪಕ್ಕದ ಕುರ್ಚಿಯಲ್ಲೇ ಇದ್ದರು. ಸ್ವರ್ಣಲತಾ ತಾರಾನಾಥನ ಕಡೆ ಒಮ್ಮೆ ನೋಡಿ, ಅವಸರವಾಗಿ ಫ್ಯಾನಿನ ಕಡೆ ದೃಷ್ಟಿ ತಿರುಗಿಸಿದರು.

"ನಿಮ್ಮದು ಮಾತ್ರ ಒಂದಕ್ಷರ ಇಲ್ಲ ತಾರಣ್ಣ," ದಯಾನಂದರ ದನಿ ಇಳಿಯಿತು. "ನಾನು ಎಲ್ಲವನ್ನೂ ಎರಡೆರಡು ಸಲ ಓದಿದೆ."

ನೀವು ಸತ್ತಿಲ್ಲವೆಂದು ನನಗೆ ಗೊತ್ತಿತ್ತು ಎನ್ನಲು ತಾರಾನಾಥ ಬಾಯಿ ತೆರೆದ. ಹೇಗೆ ಗೊತ್ತು ಎಂದು ಕೇಳಿದರೆ? ಮಾತು ಬದಲಿಸಿದ.

"ಫೋನ್ ಬಂದ್ ಇತ್ತು ದಯಾನಂದಣ್ಣ."

"ಇರಲಿ ಬಿಡಿ. ಮ್ಯಾನೇಜರ್ ಕೆಲಸವನ್ನು ಸುಜನ್‌ನಿಗೆ ಕೊಟ್ಟೆ. ಮಗನ ಹಾಗೆ ಅತ್ತವನಿಗೆ ಹೇಗೆ ಇಲ್ಲ ಅನ್ನುವುದು?"

ತಾರಾನಾಥ ಸನ್ಮಾನಪತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದ. ದಯಾನಂದರು ಅವನ ಹೆಗಲ ಮೇಲೆ ಕೈಯಿಟ್ಟರು.

"ಬೇಸರ ಮಾಡಬೇಡಿ, ನಿಮ್ಮಿಂದ ಒಂದು ಉಪಕಾರ ಆಗಬೇಕು. ನಮ್ಮ ಹೋಟೆಲಿನದ್ದೂ ಲಿನಕ್ಸೇ, ದಿನಕ್ಕೆರಡು ಸಲ ಹ್ಯಾಂಗ್ ಆಗ್ತದೆ. ಹುಡುಗನಿಗೆ ಅದೊಂದು ಬರುವುದಿಲ್ಲವಂತೆ. ನಾಳೆಯಿಂದ ನಾಲ್ಕು ದಿನ ಬಂದು ಕಲಿಸಿಕೊಡಿ, ಆಯ್ತಾ?"