ಭಾವ ಹಾರಿದ ಗಳಿಗೆ

ಲೋಕದಲ್ಲಿ ಇಬ್ಬರು ಎಂದೂ ತಮ್ಮ ತಪ್ಪು ಒಪ್ಪಿಕೊಳ್ಳುವುದಿಲ್ಲ, ಒಬ್ಬ ಅಡುಗೆಯವನು, ಇನ್ನೊಬ್ಬ ಫೋಟೋಗ್ರಾಫರ್. ಅನ್ನ ಮುದ್ದೆಯಾದರೆ ಅಕ್ಕಿ ಸರಿಯಿಲ್ಲ, ಫೋಟೋ ಕೆಟ್ಟರೆ ಬೆಳಕು ಸರಿಯಿಲ್ಲ. ರಾಯದುರ್ಗದಲ್ಲಿ ಹದಿನೆಂಟು ವರ್ಷದಿಂದ ಸ್ಟುಡಿಯೋ ಇಟ್ಟುಕೊಂಡಿರುವ ನಾನು ಬಿಸಿಲನ್ನು ಬೈದಷ್ಟು ನಮ್ಮೂರಿನ ಕುರಿಗಳೂ ಬೈದಿರಲಿಕ್ಕಿಲ್ಲ. ಇನ್ನು ನನ್ನ ಕ್ಯಾಮೆರಾ, ಅದು ಬಲು ಸಂಭಾವಿತ. ಗುಂಡಿ ಒತ್ತಿ ಹಿಡಿದರೆ ಸೆಕೆಂಡಿಗೆ ಮೂರು ಫೋಟೋ ತೆಗೆಯುತ್ತದೆ. ಆರು ತೆಗೆದ ಮೇಲೆ ಅವನ್ನು ಕಾರ್ಡಿಗೆ ಇಳಿಸಿಕೊಳ್ಳಲು ಸುಮ್ಮನೆ ಕೂತುಬಿಡುತ್ತದೆ. ಮದುವೆ ಮನೆಯಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಹಾರ ಬೀಳುವ ಗಳಿಗೆ ತಪ್ಪಿತೆನ್ನಿ, "ಇನ್ನೊಂದ್ಸಲ ಹಾಕ್ರಿ, ಸ್ವಲ್ಪ ಈ ಕಡಿ ನೋಡ್ರಿ, ನಗ್ರಿ" ಅಂದರೆ ಮುಗಿಯಿತು. ಪುರೋಹಿತರೂ ಕಾಯುತ್ತಾರೆ. ಮುಹೂರ್ತ ಪಂಚಾಂಗದಲ್ಲಿದೆ ಅಂತ ನಂಬಿದವರು ನಮ್ಮ ಕಡೆಯ ಫೋಟೋಗ್ರಾಫರನ್ನು ಕಂಡಿಲ್ಲ.

ಇದೇ ಧೈರ್ಯದ ಮೇಲೆ ಕಣೇಕಲ್ಲಿನ ಕಬಡ್ಡಿ ಪಂದ್ಯಕ್ಕೆ ಹೋದೆ. ಅಕ್ಕನ ಗಂಡ, ನಲವತ್ಮೂರರ ನಮ್ಮ ಭಾವ, ಮೊಣಕಾಲು ಸೋತು ಅವತ್ತು ಕೊನೆಯ ಆಟ ಆಡುವವರಿದ್ದರು. "ಒಂದಾ ಒಂದು ಫೋಟೋ ಬೇಕಪ್ಪ. ನಾನು ಕಬಡ್ಡಿ ಹೆಸರ್ಲೆ ಚಾ ಕುಡಿಯಾಕ ಹೋಗ್ತೀನಂತ ನಿಮ್ಮಕ್ಕ ಮದುವಿ ಆದಾಗಿಂದ ಹೇಳಾಕತ್ತಾಳ. ನಾ ಹಾರೋದು ಅಕಿ ನೋಡಬೇಕು" ಅಂದರು. ಭಾವ ಎದುರಾಳಿಗಳ ಅಂಗಳಕ್ಕೆ ಕಾಲಿಟ್ಟ ಕೂಡಲೇ ಉತ್ಸಾಹ ತಡೆಯದೆ ಗುಂಡಿ ಒತ್ತಿ ಹಿಡಿದೆ. ತೊಡೆ ತಟ್ಟಿದ್ದಕ್ಕೇ ಆರು ಫೋಟೋ ಮುಗಿದವು. ಕ್ಯಾಮೆರಾ ಕೂತಿತು. ಅದೇ ಹೊತ್ತಿಗೆ ಕಾಲು ಹಿಡಿಯಲು ಬಂದ ಇಬ್ಬರ ತಲೆಯ ಮೇಲಿಂದ ಭಾವ ಹಾರಿದರು. ಅಂಥ ಜಿಗಿತವನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಇದನ್ನು ನೋಡಿದ್ದೂ ಬರಿಗಣ್ಣಿನಲ್ಲಿ. ಕ್ಯಾಮೆರಾ ಎಚ್ಚರಾಗುವಷ್ಟರಲ್ಲಿ ಭಾವ ಗೆರೆಯ ಆಚೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು.

"ಬಂತಾ?" ಅಂದರು. ಹಾರಿದ್ದು ಒಂದೂ ಬಂದಿರಲಿಲ್ಲ. ಆದರೆ ಬಾಯಿ ಕಸುಬು ಮರೆಯಲಿಲ್ಲ. "ಆಟ ಮುಗಿದ ಮ್ಯಾಲೆ ಇನ್ನೊಂದ್ಸಲ ಹಾರ್ರಿ ಭಾವ" ಅಂದೆ. ಪಾಪ, ಸೋತ ತಂಡದ ಇಬ್ಬರು ಬಂದು ಮತ್ತೆ ಬಗ್ಗಿ ನಿಂತುಕೊಟ್ಟರು. ಭಾವ ಕುಂಟುತ್ತಲೇ ಓಡಿ ಬಂದರು. "ಎಲ್ರೂ ಈ ಕಡಿ ನೋಡ್ರಿ, ನಗ್ರಿ" ಅಂದು ಒಂದೇ ಸಲ ಒತ್ತಿದೆ. ಸರಿಯಾಗಿ ಸಿಕ್ಕಿತು.

ಕಟ್ಟು ಹಾಕಿಸಿ ಕೊಟ್ಟ ಫೋಟೋವನ್ನು ಅಕ್ಕ ಬಹಳ ಹೊತ್ತು ನೋಡಿದಳು. "ಹಿಡಿಯಾಕ ಬಂದೋರು ನಿನ್ನ ನೋಡಿ ನಗಾಕತ್ತಾರ. ಇವರು ಗಾಳ್ಯಾಗಿದ್ದು ನಗಾಕತ್ತಾರ. ಇಂಥಾ ಒಳ್ಳೇರು ಎದುರಿಗಿದ್ರ ನಾನೂ ಆಡ್ತಿದ್ದೆ" ಅಂದಳು. ಭಾವನ ಮುಖ ಸಣ್ಣದಾಯಿತು. ನನಗೆ ತಡೆಯಲಾಗಲಿಲ್ಲ. "ಇಲ್ಲಕ್ಕ, ಭಾವ ಖರೇನಾ ಹಾರಿದ್ರು, ಫೋಟೋ ತಪ್ಪಿಸಿದವ್ನು ನಾನು" ಅಂತ ಕಸುಬಿಗಿಳಿದ ಮೇಲೆ ಮೊದಲ ಸಲ ಒಪ್ಪಿಕೊಂಡೆ.

ಅಕ್ಕ ಕಪಾಟಿನಿಂದ ಅವರ ಮದುವೆಯ ಆಲ್ಬಂ ತೆಗೆದಳು. ಇದೇ ಕ್ಯಾಮೆರಾದಲ್ಲಿ ನಾನೇ ತೆಗೆದದ್ದು. ತಾಳಿ ಕಟ್ಟುವ ಫೋಟೋದಲ್ಲಿ ಅಕ್ಕ, ಭಾವ, ಪುರೋಹಿತರು, ಮೂವರೂ ನನ್ನ ಕಡೆ ನೋಡಿ ನಗುತ್ತಿದ್ದರು.

"ಇದು ಎಷ್ಟನೇ ಸಲ ಕಟ್ಟಿಸಿದ್ದು, ನೆನಪೈತೇನು?" ಅಂದಳು.

"ಮೂರ್ನೇದು" ಅಂದರು ಭಾವ.

"ಮೂರ್ನೇ ಸಲದ್ದನ್ನ ನಂಬಿ ಸಂಸಾರ ಮಾಡೀನಿ. ಎರಡ್ನೇ ಸಲ ಹಾರಿದ್ದನ್ನ ನಂಬಾಕ ಏನು ಕಷ್ಟ" ಅಂತ ಅಕ್ಕ ಮೊಳೆ ಹುಡುಕಲು ಒಳಗೆ ಹೋದಳು. ನಾನು ಆರು ಫೋಟೋ ತೆಗೆದ ಕ್ಯಾಮೆರಾದ ಹಾಗೆ ಸುಮ್ಮನೆ ಕೂತೆ.