ಕೆಂಪು ದೀಪವೂ ಕಾರಿನ ಹೊಗೆಯೂ

ಕಾರಿನ ಬಾನೆಟ್ ಎತ್ತಿದರೆ ಒಳಗೆ ಏನು ಕಾದಿರುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ತಾಳವಾಡಿಯಲ್ಲಿ ಮೆಕ್ಯಾನಿಕ್ ಆಗಿದ್ದ ನನಗಂತೂ ತಿಂಗಳಿಗೊಂದಾದರೂ ಇಂಥ ಪ್ರಸಂಗ ತಪ್ಪುತ್ತಿರಲಿಲ್ಲ.

ಸತ್ಯಮಂಗಲದ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಎಪ್ಪತ್ತರ ದಶಕದ ನಡುವೆ ಊರಿಗೆ ಬಂದು ಒಂದು ತಗಡಿನ ಶೆಡ್ ಹಾಕಿಕೊಂಡೆ. ಆಗ ನಮ್ಮ ಬೆಟ್ಟದಲ್ಲಿ ಕಾರು, ಜೀಪು ಎಲ್ಲಾ ಸೇರಿಸಿದರೂ ಬೆರಳಲ್ಲಿ ಎಣಿಸಬಹುದಿತ್ತು. ಬರುತ್ತಿದ್ದ ದೂರುಗಳು ಎರಡೇ. ಒಂದು, ಮುಂದೆ ಕೆಂಪು ದೀಪ ಉರೀತದೆ ಅನ್ನೋದು. ಇನ್ನೊಂದು, ಹಿಂದೆ ಹೊಗೆ ಬತ್ತದೆ ಅನ್ನೋದು. ನಡುವೆ ಕೂತಿರುತ್ತಿದ್ದವರ ಬಗ್ಗೆ ಮಾತ್ರ ಯಾರೂ ದೂರು ಹೇಳುತ್ತಿರಲಿಲ್ಲ.

ಆರದ ದೀಪ

ದೊಡ್ಡಗಾಜನೂರಿನ ಗೌಡರೊಬ್ಬರು ಯಾರೋ ಓಡಿಸಿ ಬಿಟ್ಟ ಕಾರೊಂದನ್ನು ಕೊಂಡಿದ್ದರು. ಒಂದು ಬೆಳಿಗ್ಗೆ ಅದು ಕಟಕಟ ಎಂದು ಹಲ್ಲು ಕಡಿಯುತ್ತಾ, ನೀಲಿ ಹೊಗೆ ಬಿಡುತ್ತಾ ಶೆಡ್ಡಿಗೆ ಬಂತು. ಒಳಗೆ ಬಗ್ಗಿ ನೋಡಿದೆ. ಸ್ಟಿಯರಿಂಗಿನ ಮುಂದೆ ಮೂರು ಗೆರೆ ವಿಭೂತಿ, ಅದರ ಕೆಳಗೆ ಕೆಂಪು ದೀಪ ಧಗಧಗ ಉರಿಯುತ್ತಿದೆ.

"ಗೌಡ್ರೇ, ಈ ದೀಪ ಯಾವಾಗಿಂದ ಉರೀತಿದೆ?" ಅಂದೆ.

"ಅದು ಸರಿಯಾಗೇ ಅದ ಕಣ್ಲಾ, ಸದ್ದು ಮಾತ್ರ ನೋಡು. ಮೊದ್ಲು ದೀಪ ಕೆಟ್ಟೋಗಿತ್ತು. ಕೀ ತಿರುಗ್ಸುದ್ರ ಅತ್ಕತಿತ್ತು, ಇಂಜಿನ್ ಸುರುವಾದೇಟ್ಗ ನಂದೋಗ್ಬುಡ್ತಿತ್ತು. ಒಳ್ಳೆ ಕೆಲ್ಸಕ್ಕ ಒರಟಾಗ ದೀಪ ನಂದೋದ್ರ ಮನ್ಸಿಗ ಎಂಗಾದದು ಏಳು? ಚಾಮರಾಜನಗರದಲ್ಲಿ ಒಬ್ಬ ವೈರ್ ಎಳ್ದು ಸರಿ ಮಾಡ್ಕೊಟ್ಟ. ಈಗ ನೋಡು, ನಂದಾದೀಪ!"

ಆಯಿಲ್ ಕಡ್ಡಿ ಎಳೆದು ನೋಡಿದರೆ ತುದಿಯಲ್ಲಿ ಒಂದು ಹನಿ ಕಪ್ಪು, ಅಷ್ಟೇ. ಉಳಿದದ್ದೆಲ್ಲ ಹೊಗೆಯಾಗಿ ಹೋಗಿತ್ತು.

"ಗೌಡ್ರೇ, ಇಂಜಿನ್ನಿಗೆ ಎಣ್ಣೆ ಸಾಲದು ಅಂತ ಹೇಳೋಕೇ ಈ ದೀಪ ಇರೋದು. ಅದು ಆರಿದ್ರೇನೇ ಕ್ಷೇಮ."

ಆಯಿಲ್ ಸುರಿದು, ಇಬ್ಬರೂ ಉಸಿರು ಹಿಡಿದುಕೊಂಡು ಸ್ಟಾರ್ಟ್ ಮಾಡಿದೆವು. ಕಟಕಟ ಸದ್ದು ಮೆಲ್ಲಗೆ ಕಡಿಮೆಯಾಗಿ, ಕೊನೆಗೆ ನಿಂತೇ ಹೋಯಿತು. "ಸಿವನೇ, ಉಳೀತು ಕಣ್ಲಾ!" ಎಂದು ಗೌಡರು ಮೇಲುವಸ್ತ್ರದಲ್ಲಿ ಮುಖ ಒರೆಸಿಕೊಂಡರು.

"ಈಗ ಆ ವೈರ್ ಮೊದಲಿನ ಹಾಗೆ ಮಾಡಿ ದೀಪ ಆರಿಸಲಾ?" ಎಂದು ಕೇಳಿದೆ.

ಅವರು ವಿಭೂತಿ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. "ಆರ್ಸು. ಆದ್ರ ಇವತ್ತು ಸೋಮಾರ. ನಾಳ ಆರ್ಸು."

ದಿಂಬಂ ಬಂದರೆ ನಿಲ್ಲುವ ಕಾರು

ನಮ್ಮೂರಲ್ಲಿ ಸ್ವಂತ ಕ್ಲಿನಿಕ್ ಇಟ್ಟಿದ್ದ ಡಾಕ್ಟರಿಗೆ ಸಕ್ಕರೆ ಕಾಯಿಲೆ. ಊರಿಗೆಲ್ಲ ಪಥ್ಯ ಹೇಳುತ್ತಿದ್ದ ಅವರಿಗೆ ಪಥ್ಯ ಹೇಳುತ್ತಿದ್ದವರು ಅವರ ಹೆಂಡತಿ.

ಒಂದು ದಿನ ಗಂಡ ಹೆಂಡತಿ ಇಬ್ಬರೂ ಶೆಡ್ಡಿಗೆ ಬಂದರು. ಡಾಕ್ಟರಮ್ಮನೇ ಮಾತು ಶುರು ಮಾಡಿದರು. "ನೋಡಪ್ಪ, ಈ ಕಾರು ಸತ್ಯಮಂಗಲಕ್ಕೆ ಹೊರಟರೆ ಸರಿಯಾಗಿ ಘಾಟಿ ಮೇಲಿನ ದಿಂಬಂ ಟೀ ಅಂಗಡಿ ಮುಂದೆ ಕೆಟ್ಟು ನಿಲ್ಲುತ್ತಂತೆ. ಅರ್ಧ ಗಂಟೆ ಬಿಟ್ಟು ತಾನೇ ಸರಿಹೋಗುತ್ತಂತೆ. ಆ ಅರ್ಧ ಗಂಟೇಲಿ ಇವರು ಎರಡು ಟೀ, ನಾಲ್ಕು ಬಜ್ಜಿ ಮುಗಿಸಿರ್ತಾರೆ. ಇದು ಕಾರಿನ ರೋಗವೋ, ಇವರ ರೋಗವೋ, ಇವತ್ತು ಗೊತ್ತಾಗಬೇಕು."

ಡಾಕ್ಟರು ಆಣೆ ಇಟ್ಟು ಹೇಳಿದರು, "ನಿಜವಾಗಲೂ ನಿಲ್ಲುತ್ತೆ ಕಣಯ್ಯ."

ಪೆಟ್ರೋಲ್ ಪಂಪ್ ಸರಿಯಿತ್ತು, ಪೈಪ್ ಸರಿಯಿತ್ತು. ಎಲ್ಲ ಸರಿಯಿದ್ದದ್ದು ಕಂಡಂತೆಲ್ಲ ಡಾಕ್ಟರು ಕುಗ್ಗುತ್ತಾ ಹೋದರು, ಡಾಕ್ಟರಮ್ಮ ಸೆರಗು ಸಿಕ್ಕಿಸಿಕೊಂಡರು. ಕೊನೆಗೆ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದೆ. ಅದು ಕಾರಿನ ಮುಚ್ಚಳವೇ ಅಲ್ಲ. ಮೂಲದ್ದು ಎಲ್ಲೋ ಬಿದ್ದುಹೋಗಿ, ಡಾಕ್ಟರು ಔಷಧಿ ಜಾಡಿಯ ದಪ್ಪ ರಬ್ಬರ್ ಬಿರಡೆ ಒತ್ತಿದ್ದರು. ಎಳೆದೆ. 'ಸ್ಸ್ಸ್' ಎಂದು ಟ್ಯಾಂಕು ದೊಡ್ಡ ಉಸಿರು ಎಳೆದುಕೊಂಡಿತು.

"ಅಮ್ಮಾ, ಟ್ಯಾಂಕಿಗೆ ಗಾಳಿಯೇ ಇಲ್ಲ. ಪೆಟ್ರೋಲ್ ಖಾಲಿಯಾದಷ್ಟೂ ಒಳಗೆ ಗಾಳಿ ಹೋಗಬೇಕು. ಹೋಗದಿದ್ರೆ ಸ್ವಲ್ಪ ದೂರ ಓಡಿ ಪೆಟ್ರೋಲ್ ಬರೋದೇ ನಿಂತುಬಿಡುತ್ತೆ. ಅರ್ಧ ಗಂಟೆ ನಿಂತ್ರೆ ಬಿರಡೆ ಸಂದಿಯಿಂದ ಮೆಲ್ಲಗೆ ಗಾಳಿ ಸೇರಿ ಮತ್ತೆ ಓಡುತ್ತೆ. ಡಾಕ್ಟರು ಹೇಳಿದ್ದು ನಿಜ."

ಡಾಕ್ಟರಿಗೆ ಹೋದ ಮಾನ ವಾಪಸು ಬಂದಷ್ಟು ಸಂತೋಷ. ಡಾಕ್ಟರಮ್ಮನೂ ನಕ್ಕು, "ಸದ್ಯ, ಇವರು ಸುಳ್ಳು ಹೇಳಿರಲಿಲ್ಲ" ಅಂದರು. ನಾನು ಬಿರಡೆಗೆ ಒಂದು ತೂತು ಕೊರೆದು ಕೊಟ್ಟೆ.

ಹೆಂಡತಿ ಕಾರು ಹತ್ತಿ ಕೂತ ಮೇಲೆ ಡಾಕ್ಟರು ನನ್ನ ಹತ್ತಿರ ಬಂದು ಪಿಸುಗುಟ್ಟಿದರು. "ತೂತು ಇನ್ನೊಂಚೂರು ಸಣ್ಣದು ಮಾಡೋಕಾಗುತ್ತಾ? ದಿಂಬಂ ತನಕ ಓಡಿದ್ರೆ ಸಾಕು."

ಗೆಟ್ಟವಾಡಿಯ ಅಜ್ಜಿ

ಗೆಟ್ಟವಾಡಿಯ ರೈತರೊಬ್ಬರು ತಮ್ಮ ಜೀಪಿನಲ್ಲಿ ದಿನಾ ಚಾಮರಾಜನಗರಕ್ಕೆ ತರಕಾರಿ ಹಾಕುತ್ತಿದ್ದರು. ಒಂದು ಬೆಳಿಗ್ಗೆ ಜೀಪು ಸ್ಟಾರ್ಟ್ ಆಗುತ್ತದೆ, ಎರಡು ಸಲ ಕೆಮ್ಮುತ್ತದೆ, ಆಫ್ ಆಗುತ್ತದೆ. ಹೇಳಿ ಕಳಿಸಿದರು. ಸೈಕಲ್ ಮೇಲೆ ಹೋದೆ.

ಪ್ಲಗ್ ಬಿಚ್ಚಿದೆ. ಕಾರ್ಬುರೇಟರ್ ಬಿಚ್ಚಿ ಗೋಣಿಚೀಲದ ಮೇಲೆ ಹರಡಿ ತೊಳೆದೆ. ಮತ್ತೆ ಜೋಡಿಸಿದರೂ ಅದೇ ಕೆಮ್ಮು. ರೈತರು ಟೊಮೇಟೊ ಬುಟ್ಟಿಗಳನ್ನು ನೋಡುತ್ತಾ ಒದ್ದಾಡುತ್ತಿದ್ದರು. ಅವರ ತಾಯಿ, ಎಂಬತ್ತು ದಾಟಿದ ಅಜ್ಜಿ, ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ ನನ್ನನ್ನೇ ನೋಡುತ್ತಿದ್ದರು.

ಹನ್ನೆರಡು ಗಂಟೆ ಹೊತ್ತಿಗೆ ಅಜ್ಜಿ ಬಾಯಿ ಬಿಟ್ಟರು. "ಮುಂದ್ಗಡ್ದೆಲ್ಲ ಬಿಚ್ಬುಟ್ಟಲ್ಲಪ್ಪ. ಇಂದ್ಗಡ ಏನೂ ಬಿಚ್ಚಲ್ವಾ?"

"ಹಿಂದೆ ಏನಿದೆ ಅಜ್ಜಿ? ಹೊಗೆ ಹೋಗೋ ಕೊಳವೆ ಅಷ್ಟೇ."

"ಅದ್ನೇ ನಾ ಕೇಳ್ದಿ. ಅದ್ರೊಳಕ ನಾನು ಬಟ್ಟ ತುರುಕಿವ್ನಿ. ದಿನಾ ಬೆಳಿಗ್ಗ ಆ ಒಗ ಎಲ್ಲ ಕೊಟ್ಗ ಒಳಕೇ ನುಗ್ತದ. ಕರು ಕೆಮ್ಮಿ ಕೆಮ್ಮಿ ಸಾಯ್ತದ."

ಓಡಿಹೋಗಿ ನೋಡಿದೆ. ಒಂದು ಹಳೇ ಸೀರೆಯ ಮುಕ್ಕಾಲು ಭಾಗ ಸೈಲೆನ್ಸರಿನಲ್ಲಿತ್ತು. ಎಳೆದು ಬಿಸಾಡಿದೆ, ಜೀಪು ಒಂದೇ ಏಟಿಗೆ ಗುರ್ ಎಂದಿತು. ರೈತರು ಬುಟ್ಟಿ ತುಂಬಲು ಓಡಿದರು. ಜೀಪನ್ನು ಇನ್ನು ಮೇಲೆ ಕೊಟ್ಟಿಗೆಗೆ ಮೂತಿ ಮಾಡಿ ನಿಲ್ಲಿಸಬೇಕೆಂದೂ ಅಲ್ಲೇ ತೀರ್ಮಾನವಾಯಿತು. ಬದುಕಿದೆ ಎಂದು ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಅಜ್ಜಿ, ಇದನ್ನ ಬೆಳಿಗ್ಗೆನೇ ಹೇಳಬಾರದಾಗಿತ್ತಾ?"

"ನೀನು ಬಿಚ್ಚೋದ್ನ ನೋಡುದ್ರ ಎಲ್ಲಾ ಗೊತ್ತಿರೋನಂಗ ಕಾಣ್ತಿದ್ದ ಕಣಪ್ಪ. ಅದ್ಕೇ ನಾ ಸುಮ್ಗಿದ್ದಿ."

ಆಸ್ಪತ್ರೆಗೆ ಹೊರಟ ಕಾರು

ಇದು ಎಂಬತ್ತರ ದಶಕದ ಮಾತು. ನಮ್ಮ ಬೀದಿಯ ಅಂಗಡಿಯವನ ಹೆಂಡತಿಗೆ ಚೊಚ್ಚಲ ಹೆರಿಗೆ. ಅವನ ಹಳೇ ಕಾರು ವರ್ಷದಿಂದ ಹೊಗೆ ಕಾರುತ್ತಿತ್ತು. ಹೆರಿಗೆ ಹೊತ್ತಿಗೆ ಕೈ ಕೊಡಬಾರದೆಂದು ನಾನೇ ಎರಡು ದಿನ ಕೂತು, ಇಂಜಿನ್ ಬಿಚ್ಚಿ ಪಿಸ್ಟನ್ ರಿಂಗ್ ಬದಲಾಯಿಸಿ, ಒಂದು ಎಳೆ ಹೊಗೆಯೂ ಬರದ ಹಾಗೆ ಮಾಡಿಕೊಟ್ಟಿದ್ದೆ.

ಮಾರನೇ ದಿನ ಬೆಳಿಗ್ಗೆಯೇ ನೋವು ಶುರುವಾಯಿತು. "ಅಣ್ಣಾ, ನೀನೂ ಬಾ. ದಾರೀಲಿ ಏನಾರ ಆದ್ರ ನನ್ ಕೈಲಾಗಲ್ಲ" ಎಂದ ಅಂಗಡಿಯವನು. ನಾನು ಮುಂದೆ ಅವನ ಪಕ್ಕ ಕೂತೆ. ಹಿಂದೆ ಅವನ ಹೆಂಡತಿ, ಪಕ್ಕದಲ್ಲಿ ಅವನ ತಾಯಿ. ಚಾಮರಾಜನಗರದ ಕಡೆ ಹೊರಟೆವು.

ರಾಜ್ಯದ ಗಡಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಕಾರಿನೊಳಗೆ ಸುಟ್ಟ ವಾಸನೆ. ಆ ವಾಸನೆಯ ಬೆನ್ನಿಗೇ ಹೊಗೆ. "ಅಣ್ಣಾ, ಒಗ!" ಎಂದು ಅಂಗಡಿಯವನು ಬ್ರೇಕ್ ಒತ್ತಿದ. ಹಾರಿ ಇಳಿದು ಬಾನೆಟ್ ಎತ್ತಿದೆ. ಒಳಗೆ ಎಲ್ಲ ತಣ್ಣಗಿದೆ. ಮತ್ತೆ ಹೊರಟೆವು. ಮತ್ತೆ ಹೊಗೆ. ಈ ಸಲ ಕಾರಿನಡಿ ತೂರಿಕೊಂಡು ನೋಡಿದೆ, ಬಾನೆಟ್ ಎತ್ತಿ ವೈರುಗಳನ್ನೆಲ್ಲ ಎಳೆದು ನೋಡಿದೆ. ಏನೂ ಇಲ್ಲ. ಸ್ಟಾರ್ಟ್ ಮಾಡಿದರೆ ಕೆಂಪು ದೀಪ ಹತ್ತಿಕೊಂಡಿತು!

"ಓಯ್ತು, ಎಲ್ಲಾ ಓಯ್ತು!" ಎಂದು ಅಂಗಡಿಯವನು ಸ್ಟಿಯರಿಂಗ್ ಮೇಲೆ ತಲೆ ಇಟ್ಟ. ಹಿಂದೆ ಆ ಹುಡುಗಿ ಸೀಟು ಹಿಡಿದುಕೊಂಡು ನರಳುತ್ತಿದ್ದಾಳೆ. ಎರಡು ನೋವಿನ ನಡುವೆ ಅವಳೇ ಹಲ್ಲು ಕಚ್ಚಿಕೊಂಡು ಹೇಳಿದಳು. "ಅಣ್ಣಾ, ಇಂಜಿನ್ ಬುಟ್ಟಾಕು. ನಮ್ಮತ್ತ ಕಾಲ್ತಾವು ನೋಡು."

ಹಿಂದಿನ ಬಾಗಿಲು ತೆಗೆದೆ. ಅತ್ತೆಯ ಸೀರೆ ನೆರಿಗೆಯ ಮರೆಯಲ್ಲಿ ಒಂದು ಮಣ್ಣಿನ ಕುಡಿಕೆ. ಅದರ ತುಂಬ ನಿಗಿನಿಗಿ ಕೆಂಡ. ಅಡಿಯ ರಬ್ಬರ್ ಮ್ಯಾಟು ಆಗಲೇ ಕಮರಿತ್ತು.

"ಅಮ್ಮಾ, ಪೆಟ್ರೋಲ್ ಕಾರಲ್ಲಿ ಬೆಂಕಿನಾ?"

"ಮತ್ತಿನ್ನೇನಪ್ಪ? ಕೂಸುಗ ಸಾಂಬ್ರಾಣಿ ಒಗ ಕೊಡದು ಬೇಡ್ವಾ? ನಮ್ಮನೆ ಒಲೆ ಕೆಂಡ ಆಸ್ಪತ್ರೇಲಿ ಯಾರ್ ಕೊಟ್ಟಾರು?"

ಕುಡಿಕೆ ಎತ್ತಿ ರಸ್ತೆ ಬದಿ ಇಟ್ಟು, ಕುಡಿಯಲು ತಂದಿದ್ದ ನೀರನ್ನೆಲ್ಲ ಸುರಿದೆ. ಆಮೇಲೆ ಕೆಂಪು ದೀಪದ ಕಾರಣ ಹುಡುಕಿದರೆ, ಬೆಂಕಿ ಹುಡುಕುವ ಗಾಬರಿಯಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ವೈರನ್ನು ನಾನೇ ಕಿತ್ತಿದ್ದೆ. ಇದು ಎಣ್ಣೆಯ ದೀಪವಲ್ಲ, ಚಾರ್ಜಿನ ದೀಪ. ಸಿಕ್ಕಿಸಿದೆ. ದೀಪ ಆರಿತು.

ಆಸ್ಪತ್ರೆ ಮುಟ್ಟಿದ ಅರ್ಧ ಗಂಟೆಗೆ ಒಳಗಿನಿಂದ ಮಗು ಅತ್ತ ಸದ್ದು ಕೇಳಿಸಿತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದರು ನರ್ಸಮ್ಮ. ಅಂಗಡಿಯವನು ನನ್ನ ತಬ್ಬಿಕೊಂಡು ಅತ್ತ. ನನ್ನ ಕಣ್ಣಲ್ಲೂ ನೀರು ಬಂತು.

ಅವನ ತಾಯಿ ಮಾತ್ರ ನೇರ ನನ್ನ ಮುಂದೆ ಬಂದು ನಿಂತರು. "ಕೆಂಡಕ್ಕ ನೀರುಯ್ದೋನು ನೀನೇ ತಾನೇ? ಓಗು, ಕಾರ್ನ ತಕಬಂದು ಈ ಕಿಟಕಿತಾವು ನಿಲ್ಸು. ಅದರ ಒಗೇನೇ ಒಂಚೂರು ಕೊಡ್ತೀನಿ."

"ಅಮ್ಮಾ, ಅದು ಮಗೂಗೆ ಕೊಡೋ ಹೊಗೆಯಲ್ಲ. ಮೇಲಾಗಿ ಆ ಕಾರಲ್ಲಿ ಈಗ ಹೊಗೆಯೇ ಬರಲ್ಲ. ನಾನೇ ರಿಪೇರಿ ಮಾಡಿದೀನಿ" ಎಂದು ಕೈ ಮುಗಿದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ವರ್ಸ ಎಲ್ಲಾ ಬತ್ತಿತ್ತು. ಬೇಕಾದ ದಿನಾನೇ ನಿಲ್ಸ್‌ಬುಟ್ಟಿದ್ದಿಯಲ್ಲಾ, ನೀನೂ ಒಬ್ಬ ಮೆಕಾನಿಕ್ಕಾ?"