ಅಕ್ಕ ಹೇಳಿದ ಪಾಸ್‌ವರ್ಡ್

ಕೆಲವರಿಗೆ ಸಿಕ್ಕಸಿಕ್ಕವರಿಗೆಲ್ಲ ಔಷಧ ಹೇಳುವ ಚಟ, ಕೆಲವರಿಗೆ ಗಂಡು-ಹೆಣ್ಣು ಕೂಡಿಸುವ ಚಟ. ನನಗೆ ಆ್ಯಪ್ ಹೇಳುವ ಚಟ. ಆಳಂದದ ಬಸ್ ನಿಲ್ದಾಣದಲ್ಲಿ ಪಕ್ಕ ಕೂತ ಹಿರಿಯರೊಬ್ಬರಿಗೆ ಮಳೆ ಹೇಳುವ ಆ್ಯಪ್ ಹಾಕಿಕೊಟ್ಟು ಅವರ ಬಸ್ಸು ತಪ್ಪಿಸಿದ ಕೀರ್ತಿಯೂ ನನ್ನದೇ. ತೊಗರಿ ಎಲೆಯ ಫೋಟೊ ಹೊಡೆದರೆ ರೋಗ ಹೇಳುವ ಆ್ಯಪ್ ಒಳ್ಳೆಯದೇ, ಕಾಗದಪತ್ರ ಸ್ಕ್ಯಾನ್ ಮಾಡುವುದೂ ಒಳ್ಳೆಯದೇ. ಆದರೆ ನಾನು ಕೈಮುಗಿಯುವುದು ಪಾಸ್‌ವರ್ಡ್ ಮ್ಯಾನೇಜರಿಗೆ. ನಮ್ಮ ಪಾಸ್‌ವರ್ಡುಗಳನ್ನೆಲ್ಲ ಅದು ಒಳಗಿಟ್ಟುಕೊಳ್ಳುತ್ತದೆ. ನಾವು ನೆನಪಿಡಬೇಕಾದದ್ದು ಅದನ್ನು ತೆರೆಯುವ ಒಂದೇ ಒಂದು ಮುಖ್ಯ ಪಾಸ್‌ವರ್ಡ್. ಫೋನು ಹೋದರೂ ಇನ್ನೊಂದು ಫೋನಿನಲ್ಲಿ ತೆರೆಯಬಹುದು. ಆ ಮುಖ್ಯ ಪಾಸ್‌ವರ್ಡನ್ನು ಆ್ಯಪ್ ಮಾಡಿದವರೂ ಅರಿಯರಂತೆ! ಇದನ್ನು ಮೊದಲು ಓದಿದ ದಿನ ನನಗೆ ಚಹಾ ಆರಿದ್ದೂ ಗೊತ್ತಾಗಲಿಲ್ಲ.

ನಮ್ಮ ಬಳಗಕ್ಕಂತೂ ಇದು ಬೇಕೇ ಬೇಕಿತ್ತು. ಅಫಜಲಪುರದಿಂದ ಜೇವರ್ಗಿಯವರೆಗೆ ನಮ್ಮವರೆಲ್ಲರ ಪಾಸ್‌ವರ್ಡ್ ಒಂದೇ, ಮನೆದೇವರ ಹೆಸರು, ಅದರ ಮುಂದೆ ಒಂದು-ಎರಡು-ಮೂರು. ಒಬ್ಬರ ಖಾತೆಗೆ ನುಗ್ಗಿದ ಕಳ್ಳ ಸಂಜೆಯೊಳಗೆ ಇಡೀ ಬಳಗಕ್ಕೆ ನೆಂಟನಾಗಬಹುದಿತ್ತು. ಹಾಗಾಗಿ ಅಕ್ಕನನ್ನು ಕೊಟ್ಟ ಊರು ಗೊಬ್ಬೂರಿಗೆ ಹೋದಾಗ ಅವಳ ಫೋನಿಗೂ ಆ್ಯಪ್ ಹಾಕಿದೆ. "ಉದ್ದ ಇರಬೇಕು, ನೀ ಮರೀಬಾರದು, ಯಾರ ಮುಂದೂ ಹೇಳಬಾರದು. ಅಂಥಾದ್ದು ಇಡು" ಎಂದೆ. ಅಕ್ಕ ಸ್ವಲ್ಪ ಯೋಚಿಸಿ, ಗೋಡೆಗೆ ಮುಖ ಮಾಡಿ, ತನ್ನಷ್ಟಕ್ಕೆ ನಗುತ್ತ ಬಹಳ ಹೊತ್ತು ಒತ್ತಿದಳು.

ಹೋದ ತಿಂಗಳು ಅಕ್ಕ, ಭಾವ, ಅವರ ಮಗಳು ಭಾಗ್ಯಾ ಮೂವರೂ ಜೇವರ್ಗಿಯ ನಮ್ಮ ಮನೆಗೆ ಬಂದರು. ಮರುದಿನ ಬೆಳಿಗ್ಗೆ ಭಾಗ್ಯಾಳಿಗೆ ನರ್ಸಿಂಗ್ ಪ್ರವೇಶ ಪರೀಕ್ಷೆ. ಹಾಲ್ ಟಿಕೆಟ್ಟನ್ನು ಇಲ್ಲೇ ಪ್ರಿಂಟ್ ತೆಗೆಯುವ ವಿಚಾರವಿತ್ತು. ಬಸ್ಸಿಳಿದು ನೋಡಿದರೆ ಅಕ್ಕನ ಕೈಚೀಲವಿಲ್ಲ! ಫೋನು, ಚಸ್ಮಾ ಎರಡೂ ಅದರಲ್ಲೇ. ಹಾಲ್ ಟಿಕೆಟ್ ತೆಗೆಯುವ ವೆಬ್‌ಸೈಟಿನ ಪಾಸ್‌ವರ್ಡ್ ಇದ್ದದ್ದೂ ಅಕ್ಕನ ಆ್ಯಪಿನಲ್ಲೇ. ಹೊಸದು ಕೇಳೋಣವೆಂದರೆ ಒಟಿಪಿ ಹೋಗುವುದು ಕಳೆದ ಫೋನಿಗೇ. ಭಾಗ್ಯಾ ಅಳಲು ಶುರುಮಾಡಿದಳು. ನಾನು ಮಾತ್ರ ಇಂಥ ಗಳಿಗೆಗೇ ಕಾದಿದ್ದವನಂತೆ ನನ್ನ ಫೋನಿನ ಆ್ಯಪಿನಲ್ಲಿ ಅಕ್ಕನ ಖಾತೆ ಹಾಕಿ, "ಹೇಳಕ್ಕಾ, ಭಾಗ್ಯಾ ಒತ್ತತಾಳ" ಎಂದೆ.

ಅಕ್ಕ ನನ್ನನ್ನೇ ತಿರುಗಿ ಕೇಳಿದಳು. "ಯಾರ ಮುಂದೂ ಹೇಳಬ್ಯಾಡ ಅಂದಾವ ನೀನೇ ಹೌದಲ್ಲೋ ತಮ್ಮಾ?"

"ನಾವೇನ್ ಮಂದೀನಾ? ಹುಡುಗಿ ಪರೀಕ್ಷಾ ಹೋಗ್ತದ ನೋಡು!"

"ಇವರು ಇಲ್ಲೇ ಕುಂತಾರಲ್ಲೋ" ಎಂದು ಭಾವನ ಕಡೆ ಕಣ್ಣು ಮಾಡಿದಳು. ಗಂಡನಿಂದ ಮುಚ್ಚಿಡುವಂಥದ್ದು ಇವಳ ಹತ್ತಿರ ಏನಿದ್ದೀತು ಎಂದು ನಾನು ಗಾಬರಿಯಾದೆ. ಭಾವ ನನಗಿಂತ ಹೆಚ್ಚು ಗಾಬರಿಯಾದರು. ನನ್ನ ಹೆಂಡತಿ ಮಾತ್ರ ಪಟ್ಟನೆ ಹಿಡಿದಳು. "ಅಕ್ಕಾರ, ಒಡಪು ಇಟ್ಟೀರೇನ್ರಿ?"

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಹೊಸ್ತಿಲಲ್ಲಿ ಅಡ್ಡಗಟ್ಟಿ ಕಾಡಿದಾಗ ಮಾತ್ರ ಪ್ರಾಸದ ಒಡಪಿನಲ್ಲಿ ಆ ಹೆಸರು ಸೇರಿಸಿ ಹೇಳಿ ಒಳಗೆ ಓಡುತ್ತಾರೆ. ಅಕ್ಕ ಎದ್ದು ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಮಗಳ ಮುಖ ನೋಡುತ್ತ ಒಂದೇ ಉಸಿರಿಗೆ ಇಡೀ ಒಡಪು ಹೇಳಿದಳು. ಆ ಒಡಪನ್ನು ಇಲ್ಲಿ ಬರೆಯುವಂತಿಲ್ಲ, ಕ್ಷಮಿಸಬೇಕು. ಭಾಗ್ಯಾ ಒತ್ತಿದಳು. ಆ್ಯಪ್ ತೆರೆಯಿತು! ಹಾಲ್ ಟಿಕೆಟ್ಟಿನ ಮೇಲೆ ಅವಳ ಫೋಟೊ ಮೂಡಿದಾಗ ನನಗೆ ಮೈ ಜುಮ್ಮೆಂದಿತು. ಎಲ್ಲಿಯದೋ ದೂರದ ಯಂತ್ರ ಗೊಬ್ಬೂರಿನ ಹೊಸ್ತಿಲ ಮಾತನ್ನು ಅಕ್ಷರ ತಪ್ಪದೆ ಗುರುತು ಹಿಡಿದಿತ್ತು. ಭಾವ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ, "ಇನ್ನೂ ನೆನಪಿಟ್ಟೀಯೇನ?" ಎಂದರು.

"ಎಲ್ಲಾರೂ ಕೇಳಿಬಿಟ್ರು, ಈಗ ಅದನ್ನ ಬದಲಿ ಮಾಡ್ಬೇಕಕ್ಕಾ" ಎಂದೆ.

"ಈ ವಯಸ್ಸಿನಾಗ ಯಾರ ಹೆಸರು ಹಾಕ್ಲೋ?" ಎಂದಳು ಅಕ್ಕ.

ಅವರು ಊರಿಗೆ ಹೋದ ಮೇಲೆ ಹೆಂಡತಿ ಚಹಾದ ಕಪ್ಪು ಇಡುತ್ತ ಕೇಳಿದಳು. "ನಿಮ್ಮ ಪಾಸ್‌ವರ್ಡಿನಾಗ ನನ್ನ ಹೆಸರು ಅದ ಏನ್ರಿ?" ಅದು ರಹಸ್ಯವೆಂದು ಹೇಳಿ ಪಾರಾದೆ. ಅವಳು ಒಳಗೆ ಹೋದಳೆಂದುಕೊಂಡು, ಬೇಗಬೇಗನೆ ಹಳೆಯದನ್ನು ಅಳಿಸಿ ಅವಳ ಹೆಸರನ್ನಷ್ಟೇ ಒತ್ತಿದೆ. ಆ್ಯಪ್ ಕೆಂಪಕ್ಷರದಲ್ಲಿ "ತೀರಾ ದುರ್ಬಲ" ಎಂದಿತು. ಅವಳು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು.